ಹಿಂದಿನ ಸೀಟಿನ ನೆಲ್ಲಿನ ಚೀಲ

ನಮ್ಮ ಕಡೆಯ ರಸ್ತೆಯಲ್ಲಿ ಓಡಿಸುವ ಕಾರನ್ನು ಕೈಯಿಂದ ದುಡ್ಡು ಕೊಟ್ಟು ಇನ್ನಷ್ಟು ತಗ್ಗಿಸಿಕೊಳ್ಳುವವನ ತಲೆ ನೆಟ್ಟಗಿಲ್ಲ ಎಂದು ನಾನು ಆವತ್ತೂ ಹೇಳಿದ್ದೆ, ಇವತ್ತೂ ಹೇಳುತ್ತೇನೆ. ಸುರಪುರದಿಂದ ಶಹಾಪುರಕ್ಕೆ ಹೋಗುವಷ್ಟರಲ್ಲಿ ದೊಡ್ಡ ಕಾಲುವೆಯ ಸೇತುವೆ ಬರುತ್ತದೆ, ಮರಿ ಕಾಲುವೆಗಳ ಸೇತುವೆಗಳು ಬರುತ್ತವೆ, ಊರು ಬಂದಲ್ಲೆಲ್ಲ ಯಾರೋ ಎಬ್ಬಿಸಿದ ಉಬ್ಬು ಬರುತ್ತದೆ. ನೀರು ಬಿಟ್ಟ ಕಾಲದಲ್ಲಿ ರೈತರು ರಸ್ತೆಯನ್ನೇ ಅಡ್ಡ ಕೊಯ್ದು ಪೈಪು ಹಾಕಿ ಮಣ್ಣು ಮುಚ್ಚುತ್ತಾರೆ, ವಾರದಲ್ಲಿ ಅದು ಕುಸಿದು ತಗ್ಗಾಗುತ್ತದೆ. ಇಂಥ ಕಡೆ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಹೋಗುವ ಕಾರು ಬೇಕೆಂದು ಹಟ ಹಿಡಿದವನು ನನ್ನ ತಮ್ಮ.

ಅವನು ಶಹಾಪುರದ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದ. ನಾನು ಸುರಪುರದ ನಮ್ಮ ಮನೆಗೆ ಹತ್ತಿರದ ರಂಗಂಪೇಟೆಯಲ್ಲಿ ಶಾಲೆ ಟೀಚರು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದರಿಂದ ಅವ್ವನೇ ಕೂಲಿ ಮಾಡಿ ಇಬ್ಬರನ್ನೂ ಓದಿಸಿದಳು. ಕಾಲುವೆ ಬರುವ ಮೊದಲು ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ಕಾಲುವೆ ಬಂದ ಮೇಲೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೆಲ್ಲು ನಾಟಿ ಮಾಡತೊಡಗಿದಳು. ಜನ ಎಲ್ಲ ಕಾಲುವೆ ಬಂದು ಊರು ಹಸಿರಾಯಿತು ಎಂದು ಹಿಗ್ಗುತ್ತಿದ್ದರೆ ಅವ್ವ, "ಒಣಾ ಕೂಲಿ ಇತ್ತು, ಈಗ ಹಸಿ ಕೂಲಿ ಆತು, ಅಷ್ಟ ನೋಡವ್ವ" ಎನ್ನುತ್ತಿದ್ದಳು. ಅವಳ ಕಾಲಿನ ಬೆರಳುಗಳ ಸಂದಿ ಯಾವಾಗಲೂ ಬೆಳ್ಳಗೆ ನೆನೆದು ಬಿರಿದಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹಿಮ್ಮಡಿಯಿಂದ ಎರೆಮಣ್ಣಿನ ಕಪ್ಪು ಹೋಗುತ್ತಿರಲಿಲ್ಲ.

ತಮ್ಮ ಯಾರೋ ಬಳಸಿಬಿಟ್ಟ ಸಣ್ಣ ಕಾರು ಕೊಂಡು ತಂದಾಗ ಅವ್ವ ಅದಕ್ಕೆ ನಿವಾಳಿಸಿ ಕಾಯಿ ಒಡೆದಳು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇವನು ಕಲಬುರ್ಗಿಗೆ ಹೋಗಿ ಯಾವನೋ ಮೇಸ್ತ್ರಿಯ ಕೈಲಿ ಸ್ಪ್ರಿಂಗುಗಳನ್ನು ಕೊಯ್ಯಿಸಿ ಕಾರನ್ನು ಕುಳ್ಳ ಮಾಡಿಸಿಕೊಂಡು ಬಂದ. ಆಮೇಲೆ ಅದರ ಮೂಲ ಗಾಲಿಗಳನ್ನು ಕೊಟ್ಟು, ಹೈದರಾಬಾದಿನಿಂದ ಬಂದವನೊಬ್ಬನ ಹತ್ತಿರ ಬೆಳ್ಳಿಯಂತೆ ಹೊಳೆಯುವ ಅಲಾಯ್ ಗಾಲಿಗಳನ್ನು ಬದಲಿಸಿಕೊಂಡ. ಅವುಗಳ ಜೊತೆಗೇ ಸವೆದ ಅಗಲವಾದ ಟಯರುಗಳೂ ಬಂದವು. ದಾರಿಯಲ್ಲಿ ಹೋಗುವ ಹುಡುಗರು ನಿಂತು ನೋಡುತ್ತಿದ್ದರು. ಇವನು ಸುಮ್ಮಸುಮ್ಮನೆ ಗಾಲಿ ಒರೆಸುತ್ತ ಕೂಡುತ್ತಿದ್ದ. "ಕೋಣಕ್ಕ ಗೆಜ್ಜಿ ಕಟ್ಟಿದಂಗಾತು" ಎಂದು ನಾನು ಅಂದರೆ, "ನಿನಗ ತಿಳಿಯಂಗಿಲ್ಲ ಬಿಡಕ್ಕ" ಎನ್ನುತ್ತಿದ್ದ.

ಅವನು ಓಡಿಸುವಾಗ ಆ ಕಾರಿನಲ್ಲಿ ಅವ್ವ ಒಮ್ಮೆಯೂ ಕೂರಲಿಲ್ಲ. ಒಂದು ಸಂಜೆ ನಾಟಿ ಮುಗಿಸಿ ಬರುತ್ತಿದ್ದವಳಿಗೆ ಕಾಲುವೆ ರಸ್ತೆಯಲ್ಲಿ ನಾವಿಬ್ಬರೂ ಎದುರಾದೆವು. ಮುಂದೆ ಅವನ ಪಕ್ಕ ನಾನಿದ್ದೆ. ಅವ್ವನ ಲೆಕ್ಕದಲ್ಲಿ ಮುಂದಿನ ಸೀಟು ಗಂಡಸರಿಗೆ ಮತ್ತು ನೌಕರಿ ಮಾಡುವವರಿಗೆ ಸೇರಿದ್ದು, ಅಲ್ಲಿ ಕೂತರೆ ಎದುರಿಗೆ ಬರುವ ಲಾರಿ ಮೈಮೇಲೆಯೇ ಬಂದಂತಾಗುತ್ತದೆ ಎಂದು ಅವಳಿಗೆ ಹೆದರಿಕೆ ಬೇರೆ. ಹಾಗಾಗಿ ಮರಿ ಕಾಲುವೆಯಲ್ಲಿ ಕಾಲು ತೊಳೆದುಕೊಂಡು, ಸೀರೆಯ ನಿರಿಗೆ ಹಿಂಡಿಕೊಂಡು, ಹಿಂದಿನ ಬಾಗಿಲಿಗೆ ಕೈ ಹಾಕಿದಳು.

"ಅವ್ವಾ, ಇವತ್ತ ಬ್ಯಾಡ ಬೇ" ಎಂದ ತಮ್ಮ. "ಹೊಸಾ ಟಯರ್ ಬರ್ಲಿ, ಆಮ್ಯಾಲ ಕುಂದ್ರುವಂತಿ. ತಿಂಥಣಿಗೆ ಕರ್ಕೊಂಡು ಹೋಗ್ತೀನಿ, ಮೌನೇಶಪ್ಪಗ ಕಾಯಿ ಒಡಿಸ್ಕೊಂಡು ಬರೂನು."

ಅವ್ವ ಬಾಗಿಲಿನಿಂದ ಕೈ ತೆಗೆದು ತನ್ನ ಕಾಲು ನೋಡಿಕೊಂಡಳು. ಅವನು ಹಿಂದಿನಿಂದ ಬಂದ ಆಟೋವನ್ನು ಕೈ ಮಾಡಿ ನಿಲ್ಲಿಸಿ ಅವಳನ್ನು ಅದರಲ್ಲಿ ಹತ್ತಿಸಿದ. ನಾನೂ ಇಳಿದು ಅವಳ ಜೊತೆಗೇ ಹೋದೆ. ದಾರಿಯುದ್ದಕ್ಕೂ ಅವನನ್ನು ಬೈದೆ, ಅವ್ವ ಸೀರೆಯ ಅಂಚಿನಿಂದ ಕಾಲು ಒರೆಸಿಕೊಳ್ಳುತ್ತಲೇ ಇದ್ದಳು.

ಅದರ ಹಿಂದಿನ ವಾರವಷ್ಟೇ ಅವರಿಬ್ಬರೂ ಎಷ್ಟು ನಕ್ಕಿದ್ದರು ಎಂದು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಕೂಲಿಯ ಬದಲು ಸಿಕ್ಕಿದ ನೆಲ್ಲನ್ನು ಶಹಾಪುರದ ರೈಸ್ ಮಿಲ್ಲಿನಲ್ಲಿ ತೂಗಿಸುವಾಗ ಇವನು ಅವ್ವನನ್ನು ಹಿಡಿದು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ್ದ. "ನನ್ನೂ ಮಾರ್ತೀಯೇನೋ ಭಾಡ್ಯಾ?" ಎಂದು ಅವ್ವ ಕಿರುಚಿದರೆ, "ನಿನ್ನ ಯಾರ ಕೊಳ್ತಾರ ಬೇ, ಒಂದ ಚೀಲಾನೂ ತುಂಬಂಗಿಲ್ಲ ನೀ" ಎಂದಿದ್ದ. ಮಿಲ್ಲಿನ ಹಮಾಲರೆಲ್ಲ ನಕ್ಕರು. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಕಾರು ಹತ್ತುವುದು ಬೇಡವೆಂದ ಕೆಲವು ದಿನಗಳ ಮೇಲೆ ಅವ್ವ ಅಂಗಳ ಗುಡಿಸುತ್ತಿದ್ದವಳು ನನ್ನನ್ನು ಕರೆದಳು. ಕಾರಿನ ಹಿಂದಿನ ಸೀಟಿನಲ್ಲಿ, ಮಿಲ್ಲಿನಲ್ಲಿ ತೂಗಿಸಿ ತಂದಿದ್ದ ನೆಲ್ಲಿನ ಚೀಲವೊಂದು ಕೂತಿತ್ತು. ಇಟ್ಟಿತ್ತು ಎನ್ನುವಂತಿಲ್ಲ, ನೆಟ್ಟಗೆ ಕೂಡಿಸಿ, ಉರುಳಬಾರದೆಂದು ಸೀಟಿನ ಬೆಲ್ಟು ಬಿಗಿದಿದ್ದ. ಅವ್ವ ಕಸಬರಿಗೆ ಹಿಡಿದುಕೊಂಡು ಬಹಳ ಹೊತ್ತು ಕಿಟಕಿಯೊಳಗೆ ನೋಡಿದಳು.

"ನೆಲ್ಲಿನ ಚೀಲಾ ಕುಂದ್ರತದ, ಹಡದಾಕಿ ಕುಂದ್ರಬಾರದು" ಎಂದಳು.

ಅವನನ್ನು ಕೇಳಿದರೆ, "ಇರ್ಲಿ ಬಿಡಕ್ಕ, ಅದರ್ದೇನೋ ಕೆಲಸ ಅದ" ಎಂದು ನಕ್ಕು ಹೋದ. ಪ್ರತಿ ಭಾನುವಾರ ಆ ಚೀಲವನ್ನು ಹಿಂದೆ ಕೂಡಿಸಿಕೊಂಡು ಎಲ್ಲಿಗೋ ಹೋಗುತ್ತಿದ್ದ, ಸಂಜೆ ಕೂಡಿಸಿಕೊಂಡೇ ಬರುತ್ತಿದ್ದ. ಅವ್ವ ಆ ಕಾರಿನ ಹತ್ತಿರವೂ ಸುಳಿಯದಾದಳು. ತನ್ನ ಕೆಸರಿನ ಕಾಲು ಕಂಡು ಮಗನಿಗೆ ನಾಚಿಕೆಯಾಗಿದೆ ಎಂದು ಅವಳು ನಂಬಿದಳು. ನಿಜ ಹೇಳಬೇಕೆಂದರೆ ನಾನೂ ನಂಬಿದೆ.

ಆ ಮಳೆಗಾಲದ ಕೊನೆಗೆ ತಮ್ಮನ ಕಣ್ಣು ಹಳದಿಯಾದವು. ಕಾಮಣಿ ಎಂದು ಬೇರಿನ ಔಷಧ ಕುಡಿಸಿದರು, ಪಥ್ಯ ಮಾಡಿಸಿದರು. ಹೊಟ್ಟೆ ಊದಿಕೊಂಡ ಮೇಲೆ ಕಲಬುರ್ಗಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಅವನು ಹೆಣವಾಗಿ ಬಂದ. ಅವನ ದಿನಕರ್ಮದ ಊಟಕ್ಕೆ ನನ್ನ ಸೋದರಮಾವ ಕಾರಿನಲ್ಲಿದ್ದ ನೆಲ್ಲಿನ ಚೀಲವನ್ನೇ ಇಳಿಸಿ, ಮಿಲ್ಲಿಗೆ ಒಯ್ದು ಅಕ್ಕಿ ಮಾಡಿಸಿಕೊಂಡು ಬಂದ. ಚೀಲ ಪೂರ್ತಿ ತುಂಬಿರಲಿಲ್ಲ, ಬಾಯಿ ಗೇಣುದ್ದ ಕೆಳಗೆ ಕಟ್ಟಿತ್ತು. ಸತ್ತ ಮನೆಯಲ್ಲೂ ಅವ್ವ ಅದನ್ನು ಗಮನಿಸಿದ್ದಳು. ತೂಗುವಾಗ ಮಿಲ್ಲಿನವರು ಮುಕ್ಕಿದ್ದಾರೆ ಎಂದು ಅಳುತ್ತಲೇ ಅವರಿಗೆ ಹಿಡಿಶಾಪ ಹಾಕಿದಳು.

ಬದುಕಿದ್ದವರ ಮೇಲೆ ಸಿಟ್ಟು ಬಂದರೆ ಬೈಯಬಹುದು, ಮಾತು ಬಿಡಬಹುದು, ಮತ್ತೆ ಆಡಬಹುದು. ಸತ್ತವನ ಮೇಲಿನ ಸಿಟ್ಟನ್ನು ಏನು ಮಾಡುವುದು? ಅಳುವಾಗ ಅದು ಅಡ್ಡ ಬರುತ್ತಿತ್ತು. ಕಾರು ಬೇವಿನ ಗಿಡದ ಕೆಳಗೆ ನಿಂತೇ ಇತ್ತು. ಟಯರುಗಳು ಗಾಳಿ ಇಳಿದು, ಅದು ಇನ್ನಷ್ಟು ನೆಲಕ್ಕೆ ಕುಸಿಯಿತು. ಅವ್ವ ದಿನಾ ಮುಂಜಾನೆ ಅದರ ಮೇಲೆ ಬಿದ್ದ ಎಲೆ ಗುಡಿಸುತ್ತಿದ್ದಳೇ ಹೊರತು ಬಾಗಿಲು ಮುಟ್ಟುತ್ತಿರಲಿಲ್ಲ. ಊಟ ಮಾಡೆಂದರೆ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದಳು.

ವರ್ಷದ ಎಡೆ ಹತ್ತಿರ ಬಂದಾಗ ಅವಳೇ ಬಾಯಿ ತೆರೆದಳು. ಮಾವ ಬಂದು ಕಟ್ಟೆಯ ಮೇಲೆ ಕೂತಿದ್ದ.

"ಹೊಸಾ ಟಯರ್ ಬರ್ಲಿ ಅಂದಿದ್ದ ಅವ. ಟಯರ್ ಹಾಕಿಸ್ರಿ. ತಿಂಥಣಿಗೆ ಹೋಗೂನು. ಖರೇ ಅಂದಿದ್ನೋ, ನನ್ನ ತಳ್ಳಾಕ ಅಂದಿದ್ನೋ, ಗೊತ್ತರೆ ಆಗ್ಲಿ ನನಗ."

ಟಯರು ಹಾಕಿಸಿದರೆ ಅದು ಹೇಗೆ ಗೊತ್ತಾದೀತು ಎಂದು ನಾನು ಕೇಳಲಿಲ್ಲ. ಅವಳಿಗೆ ಬೇಕಾದದ್ದು ಅದೊಂದೇ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಮಾವನ ವಿಷಯ ಸ್ವಲ್ಪ ಹೇಳಬೇಕು. ಅವನು ಶಹಾಪುರದ ಕಡೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಾಲುವೆ ನೀರು ಬಂದು ಎರೆಹೊಲಗಳೆಲ್ಲ ಗದ್ದೆಯಾದ ಮೇಲೆ, ಕೆಸರಿನಲ್ಲಿ ಟ್ರ್ಯಾಕ್ಟರ್ ಹೂಳದಂತೆ ಟಯರಿನ ಪಕ್ಕಕ್ಕೆ ಕಬ್ಬಿಣದ ಅಗಲ ಗಾಲಿ ಕಟ್ಟಿ ಓಡಿಸುವುದನ್ನು ನಮ್ಮ ಕಡೆ ಮೊದಮೊದಲು ಕಲಿತವರಲ್ಲಿ ಅವನೂ ಒಬ್ಬ. ಆ ಒಂದು ವಿದ್ಯೆ ಅವನ ತಲೆಗೇರಿತ್ತು. ಲೋಕದ ಎಲ್ಲ ಗಾಲಿಗಳಿಗೂ ಅವನ ಹತ್ತಿರ ಒಂದೇ ಮಂತ್ರ: "ಎರಿಮಣ್ಣಾಗ ಗಾಲಿ ಅಗಲ ಇದ್ದಷ್ಟೂ ಚಲೋ. ಸಣ್ಣ ಗಾಲಿ ಹೂಳ್ತದ, ಅಗಲ ಗಾಲಿ ತೇಲ್ತದ."

ಶಹಾಪುರದ ಟಯರ್ ಅಂಗಡಿಯಲ್ಲಿ ಹಳೆಯ ಟಯರಿನ ಗೋಡೆ ಒರೆಸಿ ನೋಡಿದರು. ನೂರಾ ತೊಂಬತ್ತೈದು ಎಂದಿತ್ತು. ಅದು ಟಯರಿನ ಅಗಲ, ಗೋಡೆಯಿಂದ ಗೋಡೆಗೆ ಇಷ್ಟು ಮಿಲಿಮೀಟರು ಎಂದು ನನಗೆ ಗೊತ್ತಾದದ್ದು ಆವತ್ತೇ. ಮಾವ ಅಷ್ಟಕ್ಕೆ ತೃಪ್ತನಾಗಲಿಲ್ಲ. "ಇನ್ನೂರಾ ಐದು ಹಾಕ್ರಿ. ಅಕ್ಕ ಕುಂದ್ರಾಕಿ ಅದಾಳ, ಗಾಡಿ ಗಟ್ಟಿ ನಿಂದ್ರಬೇಕು" ಎಂದ. ಅಂಗಡಿಯವನು ಕೇಳಿದ್ದನ್ನು ಕೊಡುವವನು, ಎರಡನೇ ಮಾತಾಡದೆ ಹಾಕಿದ. ನನಗೇನು ತಿಳಿಯುತ್ತದೆ? ಮಾವ ಇಷ್ಟು ಧೈರ್ಯದಿಂದ ಹೇಳುತ್ತಾನೆಂದರೆ ಇರಬಹುದು ಅಂದುಕೊಂಡೆ. ಮಾವ ಓಡಿಸಿದ, ನಾನು ಪಕ್ಕದಲ್ಲಿದ್ದೆ, ಸುರಪುರದವರೆಗೆ ಕಾರು ಸದ್ದಿಲ್ಲದೆ ಬಂತು.

ತಿಂಥಣಿಗೆ ಹೊರಡುವ ದಿನ ಅವ್ವ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಮಾವ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಅವ್ವ ಒಂದು ಕೈಯಿಂದ ಬಾಗಿಲು ಹಿಡಿದುಕೊಂಡು ಹಿಂದಿನ ಸೀಟಿನ ತುದಿಗೆ, ಮೈ ಮುದುರಿಕೊಂಡು, ಪರರ ಮನೆಗೆ ಹೋದವಳ ಹಾಗೆ ಕೂತಳು.

ಮೊದಲನೆಯ ಉಬ್ಬಿಗೇ ಹಿಂದಿನಿಂದ ಕರಕರ ಸದ್ದು ಬಂತು. ಕಲ್ಲಿನ ಮೇಲೆ ಕುಡಗೋಲು ಎಳೆದಂಥ ಸದ್ದು. ಮಾವ, "ಹೊಸಾ ಟಯರ್ ಅಕ್ಕಾ, ಹೊಂದ್ಕೊಳ್ತದ" ಎಂದ. ಮರಿ ಕಾಲುವೆಯ ಸೇತುವೆಗೆ ಇನ್ನೂ ಜೋರಾಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಸದ್ದು ಬಂದಾಗಲೆಲ್ಲ ಅವ್ವ ಸೀಟಿನಿಂದ ಮೈ ಎತ್ತಿ ಹಗುರಾಗಲು ನೋಡುತ್ತಿದ್ದಳು. ನಾನು ಹಿಂದೆ ತಿರುಗಿ ಅದನ್ನು ನೋಡಿದೆ, ನೋಡಬಾರದಿತ್ತು.

ಅಷ್ಟು ಸಾಲದೆಂದು ಮಾವ ದಾರಿ ಹತ್ತಿರವಾಗುತ್ತದೆ ಎಂದು ಕಾಲುವೆಯ ಏರಿಯ ಮೇಲಿನ ಮಣ್ಣು ರಸ್ತೆಗೆ ತಿರುಗಿಸಿದ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಗಾಲಿಗೆ ಸುತ್ತಿಕೊಂಡು ಮೇಲೇರಿತು. ಟ್ರ್ಯಾಕ್ಟರಿನ ಹಿಂಗಾಲಿ ಬಯಲಿನಲ್ಲಿ ತಿರುಗುವಂಥದು, ಮಣ್ಣು ಬೇಕಾದ ಕಡೆ ಉದುರಿ ಹೋಗುತ್ತದೆ. ಈ ಕಾರಿನಲ್ಲಿ ಅಗಲ ಟಯರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟು ಜಾಗವಿಲ್ಲ. ಮಣ್ಣು ಅಲ್ಲಿ ಗಿಡಿದುಕೊಂಡು ಗಾಲಿ ತಿರುಗುವುದೇ ನಿಂತಿತು. ಮಾವ ಇಳಿದು ಜಾಲಿಯ ಕಟ್ಟಿಗೆ ಮುರಿದುಕೊಂಡು ಮಣ್ಣು ಕೆತ್ತತೊಡಗಿದ.

ಅವ್ವ ಇಳಿದು ಏರಿಯ ಕಲ್ಲಿನ ಮೇಲೆ ಕೂತಳು. ಮಣ್ಣು ತೆಗೆದು ಖಾಲಿ ಕಾರನ್ನು ಮುಂದಕ್ಕೆ ಬಿಟ್ಟಾಗ ಅದು ಸದ್ದೇ ಮಾಡದೆ ಹೋಯಿತು. ಹಾಳಾದ್ದು, ಆಗಲಾದರೂ ಸದ್ದು ಮಾಡಬಾರದಿತ್ತೇ!

"ನೋಡಿದ್ಯಾ?" ಎಂದಳು ಅವ್ವ. "ನಾ ಕುಂತ್ರ ಗಾಡಿ ಕೆಡ್ತದ ಅಂತ ಅವಗ ಗೊತ್ತಿತ್ತು. ಹಡದಾಕಿಕಿಂತ ಗಾಡಿ ಹೆಚ್ಚಾತು."

ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅವಳು ಅದನ್ನು ನೋಡುತ್ತ ಕೂತಳು, ಅಳಲೂ ಇಲ್ಲ. ಖಾಲಿ ಕಾರನ್ನು ಮಾವ ಓಡಿಸಿಕೊಂಡು ಬಂದ, ನಾನೂ ಅವ್ವನೂ ಡಾಂಬರು ರಸ್ತೆಯವರೆಗೆ ನಡೆದು ಬಸ್ಸು ಹಿಡಿದು ಮನೆಗೆ ಬಂದೆವು. ಆವತ್ತಿನಿಂದ ಅವ್ವ ಕಾರಿನ ಮೇಲಿನ ಎಲೆ ಗುಡಿಸುವುದನ್ನೂ ಬಿಟ್ಟಳು.

ಶಹಾಪುರದ ಅಂಗಡಿಯವನು ಹಾಕಿದ ಟಯರನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ, ಆ ಗಾಲಿಗೆ ಹೊಂದುವ ಕಡಿಮೆ ಅಗಲದ್ದು ತನ್ನ ಹತ್ತಿರ ಇಲ್ಲವೇ ಇಲ್ಲ ಎಂದ. ನನಗೆ ಹಟ ಬಂತು. ಅವ್ವ ಕೂತು ಈ ಕಾರು ಓಡಲೇಬೇಕು, ತಮ್ಮ ಒಲ್ಲೆ ಅಂದಿದ್ದರೂ ಓಡಬೇಕು. ಮಾವನನ್ನು ಎಬ್ಬಿಸಿಕೊಂಡು ಅದೇ ಕಾರಿನಲ್ಲಿ ಯಾದಗಿರಿಗೆ ಹೋದೆ. ಮಾವನ ಮಂತ್ರ ಅಷ್ಟರಲ್ಲಿ ತಣ್ಣಗಾಗಿತ್ತು.

ಅಲ್ಲಿ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಟಯರ್ ಅಂಗಡಿ. ಚಹಾ ಕುಡಿಯುತ್ತ ಕೂತಿದ್ದ ಮಾಲೀಕ ಕಾರು ಕಂಡು ನಮ್ಮ ಮೇಲೆ ಜಗಳಕ್ಕೇ ಬಂದ.

"ಮತ್ತ ಬಂತೇನ್ರೀ ಈ ಗಾಡಿ? ಎಲ್ಲದಾನ್ರಿ ಆ ಹುಡುಗ? ಪಕ್ಕಾ ಒಯ್ತೀನಿ ಅಂದಾ, ನಾ ಟಯರ್ ತರಿಸಿ ಇಟ್ಟೆ. ಮತ್ತ ಈ ಕಡಿ ಹಣಿಕಿನೂ ಹಾಕ್ಲಿಲ್ಲ. ಎಷ್ಟ್ ಐತವಾರ ನನ್ನ ತಲಿ ತಿಂದಾನ ಗೊತ್ತೇನ್ರಿ?"

"ಏನ್ ಮಾಡ್ತಿದ್ದನ್ರಿ ಅವ?" ಎಂದೆ.

"ಏನ್ ಮಾಡ್ತಾನ್ರಿ, ಒಂದ್ ಸೈಜ್ ಹಾಕಿಸ್ಕೋತಿದ್ದಾ, ಉಬ್ಬಿನ ಮ್ಯಾಲ ಒಂದ್ ಸುತ್ತ್ ಹೊಡಕೊಂಡ್ ಬರ್ತಿದ್ದಾ, ಉಜ್ಜತದ ಬ್ಯಾರೆ ಹಾಕ್ರಿ ಅಂತಿದ್ದಾ. ಜೇಬಿನಾಗ ಖಡು. ಮಡ್‌ಗಾರ್ಡ್ ಒಳಗ ಖಡು ಬಳದು, ಟಯರಿಗೆ ಬೆಳ್ಳಗ ಹತ್ತೇದೇನು ಅಂತ ನೆಲಕ್ಕ ಮಕ್ಕೊಂಡು ನೋಡ್ತಿದ್ದಾ. ಹಿಂದಿನ ಸೀಟಿನ್ಯಾಗ ಒಂದ್ ನೆಲ್ಲಿನ ಚೀಲಾ ಬ್ಯಾರೆ."

ಬೋರ್ಡಿನ ಮೇಲೆ ಬರೆಯಲು ನಾನು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದ ಖಡು ಆಗಾಗ ಕಾಣೆಯಾಗುತ್ತಿದ್ದದ್ದು ನೆನಪಾಯಿತು. ಶಾಲೆಯ ಹುಡುಗರನ್ನು ಗದರಿಸಿದ್ದೆ.

"ಚೀಲಾ ಯಾಕರಿ?" ಎಂದೆ. ಉತ್ತರ ಏನು ಬರುತ್ತದೆ ಎಂದು ಹೆದರಿಕೆಯಾಗಿತ್ತು.

"ಕೇಳಿದ್ರ ನಗ್ತಿದ್ದಾ. 'ಇದು ನಮ್ಮವ್ವರೀ' ಅಂತಿದ್ದಾ. 'ನಮ್ಮವ್ವ ಹಿಂದ ಕುಂದ್ರಾಕಿ, ಮೊಣಕಾಲ್ ನೋಯ್ತಾವ, ಸದ್ದಾದ್ರ ಅಂಜ್ತಾಳ. ಒಮ್ಮಿ ಅಂಜಿದ್ಳಂದ್ರ ಮತ್ತ ಜಲ್ಮದಾಗ ಹತ್ತಂಗಿಲ್ಲ' ಅಂತಿದ್ದಾ. ಸ್ಪ್ರಿಂಗ್ ಯಾಕ ಕೊಯ್ಸಿದೆಪಾ ಹಂಗಾರ ಅಂದ್ರ, 'ತಪ್ಪಾಗ್ಯಾದರಿ, ಮನ್ಯಾಗ ಹೆಂಗ ಹೇಳ್ಲಿ' ಅಂತ ತಲಿ ಕೆರಕೋತಿದ್ದಾ. ಕಡೀಕ ನೂರಾ ಎಂಬತ್ತೈದಕ್ಕ ಪಕ್ಕಾ ಆತ್ರಿ. ಆ ಗಾಲಿಗೆ ಅದರಕಿಂತ ಸಣ್ಣದು ಹಾಕಿದ್ರ ಗಾಲಿ ಅಂಚು ಹೊರಗ ಬಂದು ಕಲ್ಲಿಗೆ ಬಡೀತದ, ದೊಡ್ಡದು ಹಾಕಿದ್ರ ಅವರವ್ವ ಕುಂತಾಗ ಉಜ್ಜತದ. ಈಗರೆ ಒಯ್ತಾನೋ ಇಲ್ಲೋ ಕೇಳ್ರಿ."

"ಅವ ತೀರ್ಕೊಂಡು ವರ್ಷ ಆತ್ರಿ" ಎಂದ ಮಾವ.

ಮಾಲೀಕ ಚಹಾದ ಕಪ್ಪು ಕೆಳಗಿಟ್ಟ. ಒಳಗೆ ಹೋಗಿ ಜಾಕನ್ನೂ ತರಿಸಿಟ್ಟಿದ್ದ ಆ ಟಯರುಗಳನ್ನೂ ತಂದು ತಾನೇ ಕೆಲಸಕ್ಕೆ ಕೂತ. ನಾನು ರಸ್ತೆಯ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ವರ್ಷದಿಂದ ಅಡ್ಡ ನಿಂತಿದ್ದ ಸಿಟ್ಟು ಕರಗಿ ಹೋಯಿತು, ಆದರೆ ಅದು ಹೋದ ಮೇಲೆ ಉಳಿದದ್ದು ಅದಕ್ಕಿಂತ ಭಾರವಾಗಿತ್ತು. ಸಿಟ್ಟಿದ್ದಾಗಲೇ ಬದುಕು ಸ್ವಲ್ಪ ಹಗುರಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಸ್ಪ್ರಿಂಗು, ಖಡು, ಭಾನುವಾರಗಳ ಓಡಾಟ, "ಇದು ನಮ್ಮವ್ವ" ಅಂದದ್ದು, ಒಂದೂ ಬಿಡದೆ ಹೇಳಿದೆ. ಅವಳು ಅಳುತ್ತಾಳೆ, ನಾವಿಬ್ಬರೂ ಹಿಡಿದುಕೊಂಡು ಅಳಬಹುದು ಅಂದುಕೊಂಡಿದ್ದೆ. ಅವಳು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೌದೇನು?" ಎಂದಳು. ಬೇಳೆಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದು, "ಮುಂಜಾನಿ ಹೋಗೂನು" ಎಂದಳು.

ಮುಂಜಾನೆ ಅವಳು ಹಿಮ್ಮಡಿ ತಿಕ್ಕಲಿಲ್ಲ. ಸೀಟಿನ ತುದಿಗೆ ಕೂರದೆ, ಚೀಲ ಕೂಡುತ್ತಿದ್ದ ಜಾಗದಲ್ಲಿ ಬೆನ್ನು ಆನಿಸಿ ಕೂತಳು. ಮಾವ ಈ ಸಲ ಡಾಂಬರು ರಸ್ತೆಯನ್ನೇ ಹಿಡಿದ. ಉಬ್ಬು ಬಂತು, ನಾವು ಮೂವರೂ ಉಸಿರು ಹಿಡಿದೆವು, ಕಾರು ಸುಮ್ಮನೆ ಹತ್ತಿ ಇಳಿಯಿತು. ಮರಿ ಕಾಲುವೆಯ ಸೇತುವೆಯೂ ದಾಟಿತು. ಮಾವ ಸಮಾಧಾನದಿಂದ, "ಅಕ್ಕಾ, ಆರಾಮ ಕುಂತೀಯಿಲ್ಲ?" ಎಂದ. ಎರಡೂ ಕಡೆ ನಾಟಿ ಮಾಡುವ ಹೆಂಗಸರು ಸಾಲಾಗಿ ಬಗ್ಗಿದ್ದರು, ಅವ್ವ ಅವರನ್ನೇ ನೋಡುತ್ತಿದ್ದಳು. ವರ್ಷದಲ್ಲಿ ಅವಳು ಎಷ್ಟು ಇಳಿದುಹೋಗಿದ್ದಳೆಂದರೆ ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು.

ದೊಡ್ಡ ಕಾಲುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಅವಳು ನನ್ನನ್ನು ಕರೆದಳು.

"ಅವತ್ತ ಮಿಲ್ಲಿನ್ಯಾಗ ಕಾಟಾದ ಮ್ಯಾಲ ನಿಂದ್ರಿಸಿದ್ದ ನನ್ನ. ನೆಪ್ಪದ ಏನು?"

"ಅದ ಬೇ."

"ಚೀಲಾ ಕಮ್ಮಿ ಇತ್ತು ಅಂತ ಮಿಲ್ಲಿನವರ್ನ ಬೈದೆ. ಅವರು ತಿಂದಿಲ್ಲವ್ವ. ಎಷ್ಟ್ ಕಮ್ಮಿ ಇತ್ತೋ ಅಷ್ಟ ನಾ ಕಮ್ಮಿ ಇದ್ದೆ. ನನ್ನ ತೂಕಕ್ಕ ಸರಿಯಾಗಿ ಅಳದು ತಗದಿಟ್ಟಾನ ಅವ."

ನಾನು ಹಿಂದೆ ತಿರುಗಲಿಲ್ಲ. ತಿರುಗುವ ಧೈರ್ಯವಾಗಲಿಲ್ಲ.

"ಅದನ್ನ ಅನ್ನಾ ಮಾಡಿ ಅವನ ದಿನಕ್ಕ ಉಂಡಿವಲ್ಲಬೇ ನಾವು" ಎಂದಳು ಅವ್ವ.

ಅವನ ದಿನ ಕಳೆದ ಮೇಲೆ ಅಳದೇ ಇದ್ದವಳು ಆಗ ಅಳತೊಡಗಿದಳು. ಮಾವ ಕಾರು ನಿಲ್ಲಿಸಲಿಲ್ಲ. ಉಬ್ಬು ಬಂತು, ತಗ್ಗು ಬಂತು, ಗಾಲಿ ಎಲ್ಲಿಯೂ ಉಜ್ಜಲಿಲ್ಲ. ಉಜ್ಜಿದ್ದರೆ ಚೆನ್ನಾಗಿತ್ತು. ಆ ಸದ್ದಿನಲ್ಲಿ ಅವಳ ಅಳುವಾದರೂ ನಮಗೆ ಅಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.